ಪದ್ಮಿನಿಯ ತವರುಮನೆ

ನಮ್ಮ ಸೀಮೆಯ ಹಲವು ಮನೆತನಗಳಲ್ಲಿ ಮದುವೆಯಾಗಿ ಬಂದ ಹೆಣ್ಣಿಗೆ ಹೆಸರು ಬದಲಿಸುವ ಪದ್ಧತಿ ಇತ್ತು. ತವರಿನಲ್ಲಿ ಗಂಗವ್ವನಾಗಿದ್ದವಳು ಗಂಡನ ಮನೆಯ ಹೊಸ್ತಿಲು ದಾಟುವಾಗ ಪಾರ್ವತಿಯಾಗುತ್ತಿದ್ದಳು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಆಕೆಯ ಹಳೆಯ ಹೆಸರು ತವರಿನ ಮುದುಕಿಯರ ಬಾಯಲ್ಲಿ ಮಾತ್ರ ಉಳಿಯುತ್ತಿತ್ತು. ಆಕೆ ಅಲ್ಲಿ ಏನು ಕಲಿತಿದ್ದಳು, ಆಕೆಯ ಅಣ್ಣತಮ್ಮಂದಿರು ಏನಾದರು ಎಂದು ಇಲ್ಲಿ ಯಾರೂ ಕೇಳುತ್ತಿರಲಿಲ್ಲ.

ನಾನು ಹೇಳಹೊರಟಿರುವುದು ಹೀಗೆಯೇ ಹೆಸರು ಬದಲಿಸಿಕೊಂಡು ನಮ್ಮೂರಿಗೆ ಸೊಸೆಯಾಗಿ ಬಂದ ಒಂದು ಕಾರಿನ ವಿಚಾರ. ಇಟಲಿ ದೇಶದ ಟ್ಯೂರಿನ್ ಪಟ್ಟಣದಲ್ಲಿ ಹುಟ್ಟಿದಾಗ ಅದರ ಹೆಸರು ಫಿಯೆಟ್ 1100. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಅದನ್ನು ಮುಂಬಯಿಯ ಕುರ್ಲಾ ಕಾರ್ಖಾನೆಗೆ ತಂದಿತು. ಎಪ್ಪತ್ತರ ದಶಕದ ಆರಂಭದಲ್ಲಿ ಅದು ಕೆಲಕಾಲ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಮಾತ್ರ ನಮ್ಮ ಜನ ಪದ್ಮಿನಿ ಎಂದು ಕರೆದದ್ದು ಕಡಿಮೆ. ಅದರ ಹಣೆಯ ಮೇಲೆ ಏನೇ ಬರೆದಿರಲಿ, ನಮಗೆ ಅದು ‘ಫಿಯೆಟ್ಟು’. ಆ ಮಟ್ಟಿಗೆ ಈ ಸೊಸೆ ಪುಣ್ಯವಂತೆ. ತವರಿನ ಹೆಸರು ಉಳಿಸಿಕೊಂಡಳು.

ಆದರೆ ಆ ತವರುಮನೆಯಲ್ಲಿ ಏನು ನಡೆದಿತ್ತು ಎಂಬುದು ನಮಗೆ ತಿಳಿದಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಎರಡನೆಯ ಮಹಾಯುದ್ಧದ ಪಾಠ ಮಾಡುವ ನಾನು ಇಟಲಿ ಎಂದರೆ ಮುಸೊಲಿನಿ, ಸೋಲು, ಶರಣಾಗತಿ ಎಂದಷ್ಟೇ ಹೇಳಿ ಮುಂದಿನ ಪುಟಕ್ಕೆ ಹೋಗುವವಳು. ಸೆರೆಸಿಕ್ಕ ಸಾವಿರಾರು ಇಟಲಿ ಸೈನಿಕರನ್ನು ಬ್ರಿಟಿಷರು ನಮ್ಮ ಬೆಂಗಳೂರಿನ ಶಿಬಿರಗಳಲ್ಲಿಯೇ ಇಟ್ಟಿದ್ದರು ಎಂದರೆ ಮಕ್ಕಳು ಬೆರಗಾಗುತ್ತಾರೆ. ಆ ಸೈನಿಕರು ಮನೆಗೆ ಮರಳುವ ಹೊತ್ತಿಗೆ ಅವರ ದೇಶದಲ್ಲಿ ಸೇತುವೆಗಳು ಮುರಿದಿದ್ದವು, ಟ್ಯೂರಿನ್ನಿನ ಮೇಲೆ ಬಾಂಬು ಬಿದ್ದಿತ್ತು, ಪೆಟ್ರೋಲು ದೊರೆಯುವುದೇ ಕಷ್ಟವಾಗಿತ್ತು. ಇಂಥ ದೇಶ ಮೊದಲು ಮಾಡಿದ ಕೆಲಸಗಳಲ್ಲೊಂದು ಕಾರಿನ ಪಂದ್ಯ ಕಟ್ಟುವುದು ಎಂದರೆ ನಂಬುವುದು ಕಷ್ಟ. ಆದರೆ ಅದು ನಿಜ. ಆ ಪಂದ್ಯದಲ್ಲಿ ಓಡಿದ್ದು ನಮ್ಮ ಫಿಯೆಟ್ಟಿನ ಒಡಹುಟ್ಟು.

ಈ ಒಡಹುಟ್ಟಿನ ಹೆಸರು ಚಿಸಿಟಾಲಿಯ. ಬಟ್ಟೆ ವ್ಯಾಪಾರದಲ್ಲಿ ಹಣ ಮಾಡಿದ್ದ, ಯುವೆಂಟಸ್ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷನೂ ಆಗಿದ್ದ ಪಿಯೆರೊ ದೂಸಿಯೊ ಎಂಬ ಟ್ಯೂರಿನ್ನಿನ ಸಾಹುಕಾರ ಇದನ್ನು ಕಟ್ಟಿಸಿದ. ಹೊಸ ಎಂಜಿನ್ನು ಮಾಡಿಸಲು ಆ ಕಾಲದಲ್ಲಿ ಯಾರಲ್ಲಿಯೂ ಚೈತನ್ಯವಿರಲಿಲ್ಲ. ಬೇಕಾದಷ್ಟು ಸಿಗುತ್ತಿದ್ದದ್ದು ಫಿಯೆಟ್ 1100ರ ಎಂಜಿನ್ನು, ಅದರ ಬಿಡಿಭಾಗಗಳು. ಫಿಯೆಟ್ ಕಂಪನಿಯ ಎಂಜಿನಿಯರ್ ದಾಂತೆ ಜಾಕೋಸ ಅವುಗಳನ್ನೇ ಬಳಸಿ ಒಂದು ಪುಟ್ಟ ಪಂದ್ಯದ ಗಾಡಿಯ ನಕ್ಷೆ ಹಾಕಿಕೊಟ್ಟ. ಸೈಕಲ್ಲಿನ ಚೌಕಟ್ಟಿನಂತೆ ಉಕ್ಕಿನ ಕೊಳವೆಗಳನ್ನು ಬೆಸೆದು ಹಂದರ ಮಾಡಿ, ಅದರೊಳಗೆ ಆ ಎಂಜಿನ್ನನ್ನು ಕೂರಿಸಿದರು. ಇದೇ ಜಾಕೋಸನ ಮುಂದಾಳುತನದಲ್ಲಿ ಮುಂದೆ 1953ರಲ್ಲಿ ಹೊಸ ಫಿಯೆಟ್ 1100 ಬಂತು. ನಮ್ಮ ಪದ್ಮಿನಿ ಅದರ ನೇರ ಸಂತಾನ. ಹೀಗೆ ನೋಡಿದರೆ ಪಂದ್ಯದ ಗಾಡಿಗೂ ನಮ್ಮೂರಿನ ಬಾಡಿಗೆ ಗಾಡಿಗೂ ಜನ್ಮ ಕೊಟ್ಟ ಕೈ ಒಂದೇ.

ಅಳತೆಯೂ ಒಂದೇ. ಎಂಜಿನ್ನಿನೊಳಗೆ ನಾಲ್ಕು ಉರುಳೆಗಳಿರುತ್ತವೆ. ಈ ವಂಶದ ಎಂಜಿನ್ನಿನಲ್ಲಿ ಒಂದೊಂದರ ಅಗಲ 68 ಮಿಲಿಮೀಟರ್, ಒಳಗಿನ ಕೊಂತ ಮೇಲೆ ಕೆಳಗೆ ಆಡುವ ದೂರ 75 ಮಿಲಿಮೀಟರ್. ನಾಲ್ಕನ್ನೂ ಕೂಡಿಸಿದರೆ 1089 ಸಿ.ಸಿ. ಅಂದರೆ ಒಂದು ಲೀಟರಿಗಿಂತ ತುಸು ಹೆಚ್ಚು; ಬೆಳಗಿನ ಹಾಲಿನವನು ಅಳೆದು ಕೊಡುವಷ್ಟು. 1937ರ ಫಿಯೆಟ್ಟಿನಲ್ಲಿದ್ದ ಈ ಅಳತೆ ಪದ್ಮಿನಿಯ ಕೊನೆಯ ಗಾಡಿಯವರೆಗೂ ನಡೆದುಬಂತು. ಎಂಜೊ ಫೆರಾರಿಯ ಹೆಸರು ಕೇಳದವರಿಲ್ಲ. ಆತ 1940ರಲ್ಲಿ ಸ್ವಂತವಾಗಿ ಕಟ್ಟಿದ ಮೊದಲ ಗಾಡಿಯ ಎಂಟು ಉರುಳೆಯ ಎಂಜಿನ್ನು ಕೂಡ ಇದೇ ಫಿಯೆಟ್ 1100ರ ಭಾಗಗಳನ್ನು ಆಧರಿಸಿದ್ದೇ. ಸಂತೆ ಮೈದಾನದ ಬದಿಯಲ್ಲಿ ಬಾಡಿಗೆಗೆ ಕಾದು ನಿಲ್ಲುತ್ತಿದ್ದ ಗಾಡಿಗೆ ಎಂಥ ಬಳಗವಿತ್ತು ನೋಡಿ!

1947ರಲ್ಲಿ ಚಿಸಿಟಾಲಿಯ 202 ಎಂಬ ಚೆಂದದ ಕ್ರೀಡಾ ಕಾರು ಬಂತು. ಪಿನಿನ್ ಫರೀನ ಎಂಬ ಕಮ್ಮಟದಲ್ಲಿ ಅಲ್ಯುಮಿನಿಯಂ ತಗಡನ್ನು ಕೈಯಿಂದಲೇ ಬಡಿದು ಅದರ ಮೈಯನ್ನು ಮಾಡಿದರು. ಎಲ್ಲಿಯೂ ಒಂದು ಮುರುಕಿಲ್ಲದ ಆ ಮೈ ಎಷ್ಟು ಹೆಸರಾಯಿತೆಂದರೆ, ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1951ರಲ್ಲಿ ಅದನ್ನು ಶಿಲ್ಪದಂತೆ ಪ್ರದರ್ಶನಕ್ಕಿಟ್ಟಿತು. 1972ರಲ್ಲಿ ಒಂದನ್ನು ತನ್ನ ಸಂಗ್ರಹಕ್ಕೇ ಸೇರಿಸಿಕೊಂಡಿತು.

ಆ ಚೆಂದದ ಕಾರನ್ನು ಪಂದ್ಯಕ್ಕೆ ಅಣಿಗೊಳಿಸಿದಾಗ ಏನು ಮಾಡಿದರು ಎಂಬುದು ನನಗೆ ಬಹಳ ಕುತೂಹಲದ ಸಂಗತಿ. ಮಾಡುವುದಕ್ಕಿಂತ ಹೆಚ್ಚಾಗಿ ತೆಗೆದರು. ಮೇಲ್ಛಾವಣಿ ತೆಗೆದರು. ಎತ್ತರದ ಗಾಜು ತೆಗೆದು ಗಾಳಿ ತಡೆಯುವಷ್ಟು ತುಂಡು ಗಾಜು ಇಟ್ಟರು. ಸುಖಾಸನದ ಮೆತ್ತೆ, ಒಳಗಿನ ಅಲಂಕಾರ ಎಲ್ಲಕ್ಕೂ ಕತ್ತರಿ. ಎಂಜಿನಿಯರ್ ಸವೊನುಝಿ ಹಿಂದಿನ ಚಕ್ರಗಳ ಮೇಲೆ ಮೀನಿನ ರೆಕ್ಕೆಯಂಥ ಏಣು ಎಬ್ಬಿಸಿದ. ಜೋರಾಗಿ ಓಡುವಾಗ ಗಾಡಿ ಅತ್ತಿತ್ತ ಓಲಾಡದಿರಲೆಂದು. ಎಂಜಿನ್ನಿನಲ್ಲಿ ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಇನ್ನಷ್ಟು ಬಿಗಿಯಾಗಿ ಒತ್ತುವ ಏರ್ಪಾಡು ಮಾಡಿದರು. ಪದ್ಮಿನಿಯಲ್ಲಿ ಸುಮಾರು 40 ಕುದುರೆ ಶಕ್ತಿ ಕೊಟ್ಟ ಎಂಜಿನ್ನಿನ ಒಡಹುಟ್ಟು ಅಲ್ಲಿ 60ರ ಆಸುಪಾಸು ಕೊಟ್ಟಿತು. ಆದರೆ ಗಾಡಿ ಹಾರಿದ್ದು ಈ ಹೆಚ್ಚುವರಿ ಇಪ್ಪತ್ತರಿಂದ ಮಾತ್ರವಲ್ಲ. ಹೊರುವುದಕ್ಕೆ ಅದಕ್ಕೆ ಏನೂ ಉಳಿಸಿರಲಿಲ್ಲ.

ಪಂದ್ಯದ ಹೆಸರು ಮಿಲ್ಲೆ ಮಿಲಿಯ, ಅಂದರೆ ಸಾವಿರ ಮೈಲಿ. 1927ರಲ್ಲಿ ಆರಂಭವಾದ ಇದಕ್ಕೆ ಪ್ರತ್ಯೇಕ ಮೈದಾನವಿಲ್ಲ. ಬ್ರೆಷಿಯ ಎಂಬ ಪಟ್ಟಣದಿಂದ ಹೊರಟು ಊರು ಕೇರಿಗಳ ನಡುವಿನ ಸಾಮಾನ್ಯ ರಸ್ತೆಯಲ್ಲೇ ರೋಮಿಗೆ ಹೋಗಿ ಮರಳಬೇಕು. ಯುದ್ಧದ ನಂತರದ ಮೊದಲ ಪಂದ್ಯ ನಡೆದದ್ದು 1947ರ ಜೂನ್ ತಿಂಗಳಲ್ಲಿ. ನಮಗೆ ಸ್ವಾತಂತ್ರ್ಯ ಬರಲು ಇನ್ನೂ ಎರಡು ತಿಂಗಳಿತ್ತು. ಆ ವರ್ಷದ ದಾರಿ ಸುಮಾರು 1800 ಕಿಲೋಮೀಟರ್. ಕೂಡ್ಲಿಗಿಯಿಂದ ಬೆಂಗಳೂರಿಗೆ ಮೂರು ಸಲ ಹೋಗಿ ಬಂದಷ್ಟು ದೂರ ಎಂದುಕೊಳ್ಳಿ. ಅದೂ ನಿದ್ದೆಯಿಲ್ಲದೆ, ಒಂದೇ ಉಸಿರಿನಲ್ಲಿ.

ಚಿಸಿಟಾಲಿಯದ ಪಂದ್ಯದ ಗಾಡಿಯನ್ನು ಓಡಿಸಿದವನು ತಾಟ್ಸಿಯೊ ನುವೊಲಾರಿ. 1892ರಲ್ಲಿ ಮಾಂಟುವ ಪಟ್ಟಣದ ಬಳಿಯ ಹಳ್ಳಿಯಲ್ಲಿ ಹುಟ್ಟಿದವನು. ಯುದ್ಧಕ್ಕೆ ಮೊದಲು ಯೂರೋಪನ್ನೇ ಗೆದ್ದ ಹಮ್ಮೀರ. ಆದರೆ 1947ರಲ್ಲಿ ಅವನಿಗೆ 54 ವರ್ಷ. ವರ್ಷಗಟ್ಟಲೆ ಕುಡಿದ ಹೊಗೆಯಿಂದ ಪುಪ್ಪುಸ ಕೆಟ್ಟು, ಕೆಮ್ಮಿದರೆ ರಕ್ತ ಬರುವ ಸ್ಥಿತಿ. ಅವನ ಹೆಂಡತಿ ಕರೋಲಿನಳ ಮಡಿಲಿನಲ್ಲಿ ಎರಡು ಗಂಡು ಮಕ್ಕಳು ಆಡಿದ್ದವು. ಹಿರಿಯವನು 1937ರಲ್ಲಿ, ಕಿರಿಯವನು 1946ರಲ್ಲಿ, ಇಬ್ಬರೂ ಹದಿನೆಂಟರ ಪ್ರಾಯದಲ್ಲೇ ಕಾಯಿಲೆಯಿಂದ ತೀರಿಕೊಂಡರು. ಕಿರಿಯವನು ಹೋದ ವರ್ಷವೇ ಟ್ಯೂರಿನ್ನಿನ ಒಂದು ಪಂದ್ಯದಲ್ಲಿ ನುವೊಲಾರಿಯ ಪುಟ್ಟ ಚಿಸಿಟಾಲಿಯದ ಸ್ಟಿಯರಿಂಗ್ ಚಕ್ರ ಕಳಚಿ ಕೈಗೆ ಬಂತು. ಅದನ್ನು ಒಂದು ಕೈಯಲ್ಲಿ ಎತ್ತಿ ತೋರಿಸುತ್ತಾ, ಇನ್ನೊಂದು ಕೈಯಲ್ಲಿ ಬರೀ ದಂಡ ಹಿಡಿದು ಆತ ಗಾಡಿ ಓಡಿಸಿದನಂತೆ. ಜನ ಇದನ್ನು ಸಾಹಸವೆಂದು ಹೇಳಿ ನಗುತ್ತಾರೆ. ನನಗೇಕೋ ಕಳೆದುಕೊಳ್ಳಲು ಇನ್ನೇನೂ ಉಳಿದಿಲ್ಲದ ತಂದೆಯೊಬ್ಬನ ಚಿತ್ರ ಕಾಣುತ್ತದೆ. ಮನೆಯಲ್ಲಿ ಕರೋಲಿನ ಆ ಸುದ್ದಿಯನ್ನು ಹೇಗೆ ಕೇಳಿದ್ದಾಳು?

ಸಾವಿರ ಮೈಲಿಯ ಪಂದ್ಯದಲ್ಲಿ ಈ ರೋಗಿಷ್ಠ ಹಿರಿಯ, ಒಂದು ಲೀಟರಿನ ಗಾಡಿಯಲ್ಲಿ, ರೋಮಿನ ಹೊತ್ತಿಗೆ ಎಲ್ಲರಿಗಿಂತ ಮುಂದಿದ್ದ. ಹಿಂದಿನಿಂದ ಬರುತ್ತಿದ್ದ ಬಿಯೊಂದೆಟ್ಟಿಯದು ಮೂರು ಲೀಟರಿನ ಹತ್ತಿರದ, ಮುಚ್ಚಿದ ಮೈಯ ಆಲ್ಫಾ ರೊಮಿಯೊ. ಮರಳುವ ದಾರಿಯಲ್ಲಿ ಮಳೆ ಹೊಡೆಯಿತು. ಹಗುರಕ್ಕಾಗಿ ಛಾವಣಿ ಕಳಚಿದ ಗಾಡಿಗೆ ಮಳೆಯಿಂದ ಮರೆಯೆಲ್ಲಿ? ಎಂಜಿನ್ನಿಗೆ ಕಿಡಿ ಕೊಡುವ ಭಾಗಕ್ಕೆ ನೀರು ಹೋಗಿ ಗಾಡಿ ನಿಂತಿತು. ಒರೆಸಿ, ಒಣಗಿಸಿ ಮತ್ತೆ ಹೊರಡುವಷ್ಟರಲ್ಲಿ ಕಾಲ ಮಿಂಚಿತ್ತು. ಹದಿನಾರೂವರೆ ತಾಸಿನ ಓಟದ ಕೊನೆಗೆ ನುವೊಲಾರಿ ಸುಮಾರು 16 ನಿಮಿಷ ಹಿಂದೆ ಬಿದ್ದು ಎರಡನೆಯವನಾದ. ಮೂರನೆಯ, ನಾಲ್ಕನೆಯ ಸ್ಥಾನಗಳೂ ಚಿಸಿಟಾಲಿಯಗಳಿಗೇ. ಗೆದ್ದವನ ಹೆಸರನ್ನು ಇಂದು ಪಂದ್ಯದ ಪಂಡಿತರು ಬಲ್ಲರು. ಆ ಗಾಡಿಗೆ ಮಾತ್ರ ಅಂದಿನಿಂದ ಸೋತವನದೇ ಹೆಸರು. ‘ನುವೊಲಾರಿ ಸ್ಪೈಡರ್’ ಎಂದೇ ಅದನ್ನು ಕರೆಯುತ್ತಾರೆ.

ಈ ಕಥೆಗೆ ಇನ್ನೊಂದು ಮುಖವಿದೆ. ಸಾಹುಕಾರ ದೂಸಿಯೊ ಇದಕ್ಕಿಂತ ದೊಡ್ಡ ಪಂದ್ಯದ ಗಾಡಿ ಬೇಕೆಂದು ಜರ್ಮನಿಯ ಪೋರ್ಷೆ ಮನೆತನದವರಿಗೆ ಕೆಲಸ ಒಪ್ಪಿಸಿದ. ಆ ಹಣದಿಂದ ಫ್ರಾನ್ಸಿನ ಸೆರೆಯಲ್ಲಿದ್ದ ಮುದುಕ ಫರ್ಡಿನಾಂಡ್ ಪೋರ್ಷೆಯ ಬಿಡುಗಡೆಯೇನೋ ಆಯಿತು. ಆದರೆ ದೂಸಿಯೊನ ಕಂಪನಿ ಮುಳುಗಿ, ಆತ ಅರ್ಜೆಂಟೀನಕ್ಕೆ ಹೋಗಬೇಕಾಯಿತು. ಆ ಮಹಾಗಾಡಿ ಯಾವ ದೊಡ್ಡ ಪಂದ್ಯದಲ್ಲೂ ಓಡಲಿಲ್ಲ.

ಇದಕ್ಕಿಂತ ಕಹಿಯಾದದ್ದು ಇನ್ನೊಂದು. ನುವೊಲಾರಿ 1953ರ ಆಗಸ್ಟ್ 11ರಂದು ತೀರಿಕೊಂಡ. ಅವನ ಗೌರವಕ್ಕಾಗಿ ಮರುವರ್ಷದಿಂದ ಪಂದ್ಯದ ದಾರಿಯನ್ನು ಅವನ ಊರಾದ ಮಾಂಟುವದ ಮೇಲೆ ತಿರುಗಿಸಿದರು. 1957ರ ಮೇ 12ರಂದು ಅದೇ ದಾರಿಯಲ್ಲಿ, ಗಿದಿತ್ಸೊಲೊ ಎಂಬ ಹಳ್ಳಿಯ ಹತ್ತಿರ ಒಂದು ಫೆರಾರಿಯ ಟೈರು ಸಿಡಿಯಿತು. ಗಾಡಿಯಲ್ಲಿದ್ದ ಇಬ್ಬರ ಜೊತೆಗೆ ರಸ್ತೆ ಬದಿಯಲ್ಲಿ ನಿಂತು ನೋಡುತ್ತಿದ್ದ ಒಂಬತ್ತು ಜನ ಸತ್ತರು. ಅವರಲ್ಲಿ ಐವರು ಮಕ್ಕಳು. ಸಾವಿರ ಮೈಲಿಯ ಆ ವೇಗದ ಪಂದ್ಯ ಅಲ್ಲಿಗೇ ಮುಗಿಯಿತು. ಕೊಟ್ಟೂರಿನ ತೇರು ನೋಡಿದವರಿಗೆ ರಸ್ತೆ ಬದಿಯ ಆ ಜನ ಅರ್ಥವಾಗುತ್ತಾರೆ. ಗಾಲಿ ಹತ್ತಿರ ಬಂದಷ್ಟೂ ಜನ ಹಿಂದೆ ಸರಿಯುವುದಿಲ್ಲ, ಮುಂದೆಯೇ ನುಗ್ಗುತ್ತಾರೆ. ಮಗುವನ್ನು ಹೆಗಲ ಮೇಲೆ ಎತ್ತಿ ತೋರಿಸುತ್ತಾರೆ. 2017ರ ಫೆಬ್ರವರಿಯಲ್ಲಿ ನಮ್ಮ ತೇರು ಉರುಳಿ ಜನರಿಗೆ ಗಾಯವಾದಾಗ, ಅಷ್ಟಕ್ಕೇ ಮುಗಿಯಿತಲ್ಲ ಎಂದು ಊರೆಲ್ಲ ಸ್ವಾಮಿಗೆ ಕೈ ಮುಗಿಯಿತು. ಗಿದಿತ್ಸೊಲೊದ ತಾಯಂದಿರಿಗೆ ಆ ಸಮಾಧಾನವೂ ಸಿಗಲಿಲ್ಲ.

ಈ ಓಟದ ಲೋಕದಲ್ಲಿ ಹೆಂಗಸರು ನೋಡುವವರು, ಅಳುವವರು ಮಾತ್ರವೇ ಆಗಿದ್ದರೇ ಎಂದು ಹುಡುಕಿದಾಗ ನನಗೆ ಸಿಕ್ಕವಳು ಮರಿಯ ತೆರೇಸ ದೆ ಫಿಲಿಪ್ಪಿಸ್. 1926ರಲ್ಲಿ ನೇಪಲ್ಸ್‌ನಲ್ಲಿ ಹುಟ್ಟಿದ ಹುಡುಗಿ. ನಿನ್ನಿಂದ ಆಗದು ಎಂದು ಅಣ್ಣಂದಿರು ಹಂಗಿಸಿದ್ದಕ್ಕೆ, 22ನೆಯ ವಯಸ್ಸಿನಲ್ಲಿ ಪುಟ್ಟ ಫಿಯೆಟ್ 500 ತೆಗೆದುಕೊಂಡು ಪಂದ್ಯಕ್ಕಿಳಿದು ಗೆದ್ದಳು. ಹತ್ತು ವರ್ಷಗಳಲ್ಲಿ, 1958ರಲ್ಲಿ, ಮಸೆರಾಟಿ ಗಾಡಿಯಲ್ಲಿ ಫಾರ್ಮುಲಾ ಒನ್ ಪಂದ್ಯದಲ್ಲಿ ಓಡಿದ ಜಗತ್ತಿನ ಮೊದಲ ಹೆಣ್ಣಾದಳು. ಬೆಲ್ಜಿಯಂನಲ್ಲಿ ಹತ್ತನೆಯವಳಾಗಿ ಮುಗಿಸಿದಳು. ಅದೇ ವರ್ಷ ಫ್ರಾನ್ಸಿನ ಪಂದ್ಯದಲ್ಲಿ ಓಡಲು ಅವಳಿಗೆ ಬಿಡಲಿಲ್ಲ. ಹೆಂಗಸು ತಲೆಗೆ ಹಾಕಿಕೊಳ್ಳಬೇಕಾದ ಶಿರಸ್ತ್ರಾಣ ಕೂದಲು ಒಣಗಿಸುವ ಯಂತ್ರವೊಂದೇ ಎಂಬರ್ಥದ ಮಾತು ಅಲ್ಲಿನ ಅಧಿಕಾರಿಯಿಂದ ಬಂದದ್ದನ್ನು ಆಕೆ ಮುಂದೆ ನೆನೆದುಕೊಂಡಿದ್ದಾಳೆ. ಎಂಜಿನ್ನಿಗೆ ಗಂಡು ಹೆಣ್ಣಿನ ಭೇದ ಗೊತ್ತಿಲ್ಲ. ಬಾಗಿಲಲ್ಲಿ ನಿಂತವರಿಗೆ ಗೊತ್ತಿತ್ತು.

ಈಗ ಸೊಸೆಯ ಕಡೆಗೆ ಬರೋಣ. ಭಾರತಕ್ಕೆ ಬಂದ ಮೇಲೆ ಫಿಯೆಟ್ಟು ಓಡಲೇ ಇಲ್ಲವೆಂದಲ್ಲ. ಮದರಾಸಿನ ಬಳಿ ಶೋಲಾವರಂನ ಹಳೆಯ ವಿಮಾನದ ಪಟ್ಟಿಯ ಮೇಲೆ ನಡೆಯುತ್ತಿದ್ದ ಪಂದ್ಯಗಳಲ್ಲಿ, ಹೊಟ್ಟೆ ಖಾಲಿ ಮಾಡಿಸಿಕೊಂಡ ಫಿಯೆಟ್ಟುಗಳೂ ಓಡಿವೆ. ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಅದೇ ಮದರಾಸು ಪ್ರಾಂತ್ಯದಲ್ಲಿದ್ದವು. ಆದರೆ ಆ ಪಂದ್ಯದ ಗಾಳಿ ಇಲ್ಲಿಯವರೆಗೆ ಬೀಸಲಿಲ್ಲ.

ಇಲ್ಲಿ ಅದಕ್ಕೆ ಸಿಕ್ಕದ್ದು ಹೊರೆ. ಬುಕ್ ಮಾಡಿ ವರ್ಷಗಟ್ಟಲೆ ಕಾದು ತಂದ ಗಾಡಿ. ಊರಿಗೆ ಒಂದೋ ಎರಡೋ. ಗೇರು ಸ್ಟಿಯರಿಂಗಿನ ಕೊರಳಲ್ಲಿದ್ದು ಮುಂದಿನ ಸೀಟು ಒಂದೇ ಬೆಂಚಿನಂತಿದ್ದುದರಿಂದ ಡ್ರೈವರನ ಜೊತೆಗೆ ಮೂವರು ಮುಂದೆ, ಹಿಂದೆ ಐವರು, ಅವರ ತೊಡೆಯ ಮೇಲೆ ಮಕ್ಕಳು, ಡಿಕ್ಕಿಯಲ್ಲಿ ಬುತ್ತಿಯ ಗಂಟು, ಮೇಲೆ ಹಾಸಿಗೆಯ ಸುರುಳಿ. ನಿಶ್ಚಿತಾರ್ಥಕ್ಕೆ ಅದು, ಮೈಲಾರದ ಜಾತ್ರೆಗೆ ಅದು, ಚುನಾವಣೆಗೆ ಅದು. ಹೊಸ ಮದುಮಗಳನ್ನು ಕಳಿಸುವಾಗ ಅದು. ಆಕೆ ಅತ್ತು ಕಣ್ಣೊರೆಸಿಕೊಂಡ ಮೊದಲ ಜಾಗ ಅದರ ಹಿಂದಿನ ಸೀಟು.

ಎಂಬತ್ತರ ದಶಕದ ಆರಂಭದಲ್ಲಿ, ನಾನು ಹೈಸ್ಕೂಲು ಸೇರುವ ಮೊದಲು, ನಮ್ಮ ಚಿಕ್ಕಮ್ಮನಿಗೆ ನಡುರಾತ್ರಿ ಹೆರಿಗೆ ನೋವು ಕಾಣಿಸಿತು. ಸೂಲಗಿತ್ತಿ ಕೈಚೆಲ್ಲಿದಳು. ಶೇಂಗಾ ವ್ಯಾಪಾರದ ಸಾಹುಕಾರರೊಬ್ಬರ ಫಿಯೆಟ್ಟನ್ನು ಕೇಳಿ ತಂದು, ಕೊಟ್ಟೂರಿನಿಂದ ಹರಪನಹಳ್ಳಿಯ ಮೇಲೆ ದಾವಣಗೆರೆಗೆ ಹೊರಟರು. ಕಂದೀಲು ಹಿಡಿದುಕೊಳ್ಳಲು ನಾನೂ ಹತ್ತಿದೆ. ನಮ್ಮಜ್ಜಿ ಹಿಂದಿನಿಂದ ಒಂದೇ ಸಮನೆ, “ತಮ್ಮಾ, ಜಲ್ದಿ ಹೊಡಿಯಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ” ಎನ್ನುತ್ತಿದ್ದಳು. ಡ್ರೈವರಣ್ಣ ತಿರುಗಿಯೂ ನೋಡದೆ, “ಅಮ್ಮಾ, ಜೋರು ಹೊಡದ್ರ ತೆಗ್ಗಿಗೆ ಬೀಳತೈತಿ. ಅಕ್ಕಾರಿಗೆ ತಡ್ಕಳಾಕ ಆಗಂಗಿಲ್ಲ. ಮೆಲ್ಲಕ ಹೋದ್ರನ ಮುಟ್ಟಸ್ತೀನಿ” ಎಂದ. ಒಂದೊಂದು ತೆಗ್ಗಿಗೂ ಗಾಡಿಯನ್ನು ಇಳಿಸಿ ಏರಿಸಿದ್ದು, ತುಂಬಿದ ಕೊಡ ಹೊತ್ತವಳು ಮೆಟ್ಟಿಲಿಳಿದ ಹಾಗೆ. ಬೆಳಗಿನ ಜಾವ ದಾವಣಗೆರೆ ಸೇರಿದೆವು. ತಾಯಿ ಮಗು ಇಬ್ಬರೂ ಉಳಿದರು.

ನುವೊಲಾರಿಯ ಅಂಗಿಯ ಮೇಲೆ ಒಂದು ಚಿನ್ನದ ಆಮೆ ಇರುತ್ತಿತ್ತು. ಕವಿ ಡಾನುಂಟ್ಸಿಯೊ 1932ರಲ್ಲಿ ಕೊಟ್ಟ ಉಡುಗೊರೆ ಅದು. ಅತಿ ವೇಗದ ಮನುಷ್ಯನಿಗೆ ಅತಿ ನಿಧಾನದ ಪ್ರಾಣಿ ಎಂಬ ಚಮತ್ಕಾರ. ಈ ಸಂಗತಿ ತಿಳಿದಾಗ ನನಗೆ ನೆನಪಾದವನು ಆ ರಾತ್ರಿಯ ಡ್ರೈವರಣ್ಣ. ಅದೇ ಅಳತೆಯ ಎಂಜಿನ್ನು, ಅದೇ ಕೈಚಳಕ, ನಿದ್ದೆಗೆಟ್ಟ ಅದೇ ಕಣ್ಣು. ಅವನ ಓಟಕ್ಕೆ ಗಡಿಯಾರ ಹಿಡಿದವರಿರಲಿಲ್ಲ, ಅಷ್ಟೆ.

ಮೇಷ್ಟರಿಕೆ ಮಾಡುತ್ತಾ ಇಷ್ಟು ವರ್ಷ ಕಳೆದ ನನಗೆ ಈ ಎರಡು ಗಾಡಿಗಳು ತರಗತಿಯಲ್ಲಿ ದಿನವೂ ಕಾಣುತ್ತವೆ. ಒಂದೇ ಮನೆಯ ಅಣ್ಣ ತಂಗಿ ಶಾಲೆಗೆ ಬರುತ್ತಾರೆ. ಅಣ್ಣ ಎದ್ದು ಮುಖ ತೊಳೆದು ಬಂದಿರುತ್ತಾನೆ. ತಂಗಿ ನಾಲ್ಕು ಕೊಡ ನೀರು ತಂದು, ಅಂಗಳ ಗುಡಿಸಿ, ಚಿಕ್ಕದರ ತಲೆ ಬಾಚಿ, ಓಡೋಡಿ ಬಂದು ಕೂತಿರುತ್ತಾಳೆ. ಪರೀಕ್ಷೆಯಲ್ಲಿ ಇಬ್ಬರಿಗೂ ಒಂದೇ ಅಂಕ ಬಂದರೆ ಅಣ್ಣನನ್ನು ಚುರುಕು ಎನ್ನುತ್ತಾರೆ, ತಂಗಿಯನ್ನು ಪರವಾಗಿಲ್ಲ ಎನ್ನುತ್ತಾರೆ. ಒಂದೇ ಅಂಕ ತೆಗೆಯಲು ಆಕೆ ಎಷ್ಟು ಹೊತ್ತುಕೊಂಡು ಓಡಿದಳು ಎಂಬ ಲೆಕ್ಕ ಅಂಕಪಟ್ಟಿಯಲ್ಲಿ ಇಲ್ಲ. ಹುಡುಗಿಯನ್ನು ಮುಂದೆ ತರಬೇಕು ಎಂದು ಪಾಲಕರು ನನ್ನನ್ನು ಕೇಳಿದರೆ, ಹೆಚ್ಚಿಗೆ ಟ್ಯೂಷನ್ ಹಾಕಬೇಡಿ, ಬೆಳಗಿನ ಎರಡು ಕೊಡ ಕಡಿಮೆ ಮಾಡಿ ಎನ್ನುತ್ತೇನೆ. ಅಲ್ಲಿನ ಎಂಜಿನಿಯರು ಮಾಡಿದ್ದೂ ಅದನ್ನೇ ಅಲ್ಲವೇ?

ಹಾಗೆಂದು ಹೊರೆ ಹೊತ್ತದ್ದು ಕೀಳು, ಓಡಿದ್ದೇ ಮೇಲು ಎಂದು ನಾನು ಹೇಳಲಾರೆ. ಓಡಿದ ಗಾಡಿ ಮಳೆಯಲ್ಲಿ ನಿಂತಿತು. ಹೊತ್ತ ಗಾಡಿ ನಮ್ಮ ಚಿಕ್ಕಮ್ಮನನ್ನು ಮುಟ್ಟಿಸಿತು. ನನ್ನ ತಕರಾರು ಚರಿತ್ರೆಯ ಬಗ್ಗೆ. ಓಡಿದವರ ನಿಮಿಷ ಸೆಕೆಂಡುಗಳೂ ಬರೆದಿಟ್ಟಿವೆ. ಹೊತ್ತವರದು ಒಂದು ಸಾಲೂ ಇಲ್ಲ. ಒಡಹುಟ್ಟು ನ್ಯೂಯಾರ್ಕಿನ ಸಂಗ್ರಹಾಲಯ ಸೇರಿತು. ನಮ್ಮ ಊರುಗಳ ಫಿಯೆಟ್ಟುಗಳನ್ನು ಗುಜರಿಯವರು ಕಿಲೋ ಲೆಕ್ಕದಲ್ಲಿ ಕೊಂಡರು. ಪದ್ಮಿನಿಯ ತಯಾರಿಕೆ 2000ದ ಹೊತ್ತಿಗೆ ನಿಂತಿತು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳಲ್ಲಿ ಉಳಿದಿದ್ದ ಕೊನೆಯದೂ 20 ವರ್ಷದ ಅವಧಿ ಮುಗಿದು 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಇಳಿಯಿತು. ಪತ್ರಿಕೆಗಳು ಅದಕ್ಕೆ ಎರಡು ಹನಿ ಕಣ್ಣೀರು ಹಾಕಿದವು. ನಮ್ಮ ಕಡೆಯ ಗಾಡಿಗಳಿಗೆ ಅದೂ ಇಲ್ಲ.

ನಿಮ್ಮ ಮನೆಯ ಹಳೆಯ ಮದುವೆಯ ಆಲ್ಬಮ್ ತೆಗೆದು ನೋಡಿ. ಹೂವಿನ ಸರ ಇಳಿಬಿಟ್ಟ ಒಂದು ಫಿಯೆಟ್ಟು ಎಲ್ಲೋ ಒಂದು ಚಿತ್ರದಲ್ಲಿ ನಿಂತಿರುತ್ತದೆ. ಅದರ ಬಾಗಿಲು ಹಿಡಿದು, ಅರ್ಧ ಮುಖ ಮಾತ್ರ ಕಾಣುವಂತೆ ಡ್ರೈವರ್ ನಿಂತಿರುತ್ತಾನೆ. ಹಿಂದಿನ ಸೀಟಿನಲ್ಲಿ ನಿಮ್ಮ ಅಜ್ಜಿಯೋ ಅತ್ತೆಯೋ ತಲೆ ತಗ್ಗಿಸಿ ಕೂತಿರುತ್ತಾರೆ. ಗಾಡಿ ಯಾರದು, ಓಡಿಸಿದವನು ಯಾರು, ಎಲ್ಲಿಂದ ಎಲ್ಲಿಗೆ, ಆ ಹೆಣ್ಣುಮಗಳ ತವರಿನ ಹೆಸರೇನು ಎಂದು ತಿಳಿದ ಹಿರಿಯರು ಇನ್ನೂ ಇದ್ದರೆ ಕೇಳಿ, ಚಿತ್ರದ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿಡಿ. ಇಸವಿ ಹಾಕುವುದನ್ನು ಮರೆಯಬೇಡಿ.